ಎವರೆಸ್ಟ್‌ನಲ್ಲಿ ನಗೆಪಾಟಲಾಗಿದ್ದ ಹಸಿರು ಕೋಟು: ಡೌನ್ ಜಾಕೆಟ್ ಹೊಲಿಸಿದ ಜಾರ್ಜ್ ಫಿಂಚ್‌ಗೂ ಪುಣೆಗೂ ಇದೆ ನಂಟು

ದೆಹಲಿಯಲ್ಲಿ ಚಳಿ ಶುರುವಾದರೆ ಸಾಕು, ಸರೋಜಿನಿ ನಗರದಿಂದ ಕರೋಲ್‌ಬಾಗ್‌ವರೆಗೆ ಅಂಗಡಿಗಳ ಮುಂದೆ ಉಬ್ಬಿದ ಜಾಕೆಟ್‌ಗಳು ನೇತಾಡತೊಡಗುತ್ತವೆ. ಮುಂಬೈ, ಚೆನ್ನೈಯವರಿಗೆ ಇವುಗಳ ನೆನಪಾಗುವುದು ಮನಾಲಿಗೋ ಲೇಹ್‌ಗೋ ಟಿಕೆಟ್ ಬುಕ್ ಮಾಡಿದಾಗ ಮಾತ್ರ. ಕೌದಿಯಂತೆ ಸಾಲುಸಾಲಾಗಿ ಹೊಲಿಗೆ ಹಾಕಿ, ಒಳಗೆ ಹಕ್ಕಿಯ ಮೆತ್ತನೆಯ ತುಪ್ಪಳ ತುಂಬಿದ ಉಡುಪು ಇದು. ಅಗ್ಗದ ಜಾಕೆಟ್‌ಗಳಲ್ಲಿ ಈಗ ತುಪ್ಪಳದ ಜಾಗಕ್ಕೆ ಪಾಲಿಯೆಸ್ಟರ್ ಬಂದಿದೆ, ಆದರೆ ಉಪಾಯ ಅದೇ.

ಇಂಥದ್ದೊಂದು ಕೋಟನ್ನು ತಾನೇ ಯೋಚಿಸಿ, ಹೊಲಿಸಿಕೊಂಡು, 1922ರಲ್ಲಿ ಎವರೆಸ್ಟ್‌ಗೆ ತೊಟ್ಟು ಹೋದವರು ಜಾರ್ಜ್ ಇಂಗಲ್ ಫಿಂಚ್. ಪರ್ವತಾರೋಹಣದ ಮೊದಲ ಡೌನ್ ಜಾಕೆಟ್ ಎಂದು ಸಾಮಾನ್ಯವಾಗಿ ಹೆಸರಿಸುವುದು ಅದನ್ನೇ. ಕಣ್ಣು ಕುಕ್ಕುವ ಹಸಿರು ಬಣ್ಣದ ಆ ಕೋಟನ್ನು ಕಂಡು ಜೊತೆಗಾರರು ನಕ್ಕಿದ್ದರು. ಇದಾಗಿ 30 ವರ್ಷಗಳ ನಂತರ ಅದೇ ಫಿಂಚ್ ಪುಣೆಯ ಪಾಷಾಣ್ ರಸ್ತೆಯಲ್ಲಿರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಅಂದರೆ ಎನ್‌ಸಿಎಲ್‌ನ ನಿರ್ದೇಶಕರಾಗಿದ್ದರು ಎಂಬುದು ಪುಣೆಯಲ್ಲಿರುವ ಬಹಳಷ್ಟು ಕನ್ನಡಿಗರಿಗೂ ಗೊತ್ತಿರಲಿಕ್ಕಿಲ್ಲ.

ಬೇಟೆಗೆ ಹೋದ ಹುಡುಗ ಬೆಟ್ಟ ಹತ್ತಿದ

ಫಿಂಚ್ ಹುಟ್ಟಿದ್ದು 1888ರ ಆಗಸ್ಟ್ 4ರಂದು, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಆರೆಂಜ್ ಎಂಬ ಊರಿನ ಬಳಿ. ಕುರಿ, ದನ, ಕುದುರೆಗಳ ನಡುವೆ ಬೆಳೆದ ಹುಡುಗ. 13ನೇ ವಯಸ್ಸಿನಲ್ಲಿ ಕಾಂಗರೂ ಜಾತಿಯ ಸಣ್ಣ ಪ್ರಾಣಿ ವಾಲಬಿಯ ಬೇಟೆಗೆಂದು ಹೊರಟವನು ಊರಿನ ಹತ್ತಿರದ ಕ್ಯಾನೊಬೊಲಾಸ್ ಬೆಟ್ಟದ ತುದಿಗೆ ಹತ್ತಿಬಿಟ್ಟ. ಸುಮಾರು 1,400 ಮೀಟರ್ ಎತ್ತರದ ಆ ಬೆಟ್ಟದ ಮೇಲಿಂದ ಕಂಡ ನೋಟದ ಮುಂದೆ ಬೇಟೆ ಹಿಂದೆ ಸರಿಯಿತು, ಬೆಟ್ಟದ ಹುಚ್ಚು ಹತ್ತಿತು.

1902ರಲ್ಲಿ ಕುಟುಂಬ ಯುರೋಪಿಗೆ ಹೊರಟಿತು. ತಂದೆ ಆಸ್ಟ್ರೇಲಿಯಾಕ್ಕೆ ಮರಳಿದರೂ ತಾಯಿ ಲಾರಾ ಮಕ್ಕಳೊಂದಿಗೆ ಪ್ಯಾರಿಸ್‌ನಲ್ಲೇ ಉಳಿದರು. ಅಲ್ಲಿ ಬೆಟ್ಟವಿಲ್ಲವಲ್ಲ, ಹಾಗಾಗಿ ಜಾರ್ಜ್ ಮತ್ತು ತಮ್ಮ ಮ್ಯಾಕ್ಸ್ ನೋತ್ರ್ ದಾಮ್ ಚರ್ಚಿನ ಗೋಡೆಯನ್ನೇ ಹತ್ತಿದ್ದರು! ವೈದ್ಯಕೀಯ ಓದಲು ಸೇರಿದ ಜಾರ್ಜ್ ಅದನ್ನು ಅರ್ಧಕ್ಕೇ ಬಿಟ್ಟು, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಪ್ರಸಿದ್ಧ ತಾಂತ್ರಿಕ ಸಂಸ್ಥೆ ಇಟಿಎಚ್‌ನಲ್ಲಿ ರಸಾಯನಶಾಸ್ತ್ರ ಕಲಿತರು. ರಜೆ ಸಿಕ್ಕಾಗಲೆಲ್ಲ ಆಲ್ಪ್ಸ್ ಪರ್ವತ. ಆ ಕಾಲದಲ್ಲಿ ಬ್ರಿಟನ್ನಿನ ದೊಡ್ಡಮನೆತನದವರು ಸ್ಥಳೀಯ ಗೈಡ್‌ಗಳನ್ನು ಮುಂದಿಟ್ಟುಕೊಂಡು ಪರ್ವತ ಹತ್ತುತ್ತಿದ್ದರೆ, ಫಿಂಚ್ ಮತ್ತು ಅವರ ವಿದ್ಯಾರ್ಥಿ ಗೆಳೆಯರು ಗೈಡ್ ಇಲ್ಲದೆಯೇ ಹತ್ತುತ್ತಿದ್ದರು.

ಮುಂದೆ ಇದೇ ಅವರಿಗೆ ಮುಳುವಾಯಿತು. 1912ರಲ್ಲಿ ಇಂಗ್ಲೆಂಡಿಗೆ ಬಂದು, ಮರುವರ್ಷ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ಫಿಂಚ್ ವಸಾಹತಿನಿಂದ ಬಂದವರು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳ ಮುಖ ಕಂಡವರಲ್ಲ. ಜರ್ಮನ್ ಭಾಷೆ ನೀರು ಕುಡಿದಷ್ಟು ಸಲೀಸು, ಕೂದಲು ಉದ್ದ, ಮಾತು ನೇರ. ಅಂದಿನ ಪರ್ವತಾರೋಹಣದ ದೊಡ್ಡವರಿಗೆ ಇದ್ಯಾವುದೂ ಹಿಡಿಸಲಿಲ್ಲ.

ಜಿಂಕೆ ಬೇಟೆಯ ಕೋಟೇ ಪರ್ವತಕ್ಕೂ

ಆ ಕಾಲದ ಬ್ರಿಟಿಷ್ ಪರ್ವತಾರೋಹಿಗಳ ಫೋಟೊಗಳನ್ನು ನೋಡಿದರೆ ಒಂದು ವಿಷಯ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಅವರು ತೊಟ್ಟಿರುವುದು ಬೇಟೆಯ ಬಟ್ಟೆ! ಸ್ಕಾಟ್‌ಲೆಂಡಿನ ಗುಡ್ಡಗಳಲ್ಲಿ ಜಿಂಕೆ, ಕಾಡುಕೋಳಿಗಳ ಬೇಟೆಗೆ ಹೋಗುವಾಗ ಧರಿಸುತ್ತಿದ್ದ ಒರಟು ಉಣ್ಣೆಯ ಟ್ವೀಡ್, ಸೊಂಟಪಟ್ಟಿಯ ನಾರ್ಫೋಕ್ ಕೋಟು, ಮೊಣಕಾಲಿನವರೆಗಿನ ಚಡ್ಡಿ, ಉಣ್ಣೆಯ ಕಾಲುಪಟ್ಟಿ.

ಇದು ಬರೀ ಶೋಕಿಯಾಗಿರಲಿಲ್ಲ. ಚಳಿ ಬೆಟ್ಟದಲ್ಲಿ ಬೇಟೆಯಾಡುವವನ ಕಷ್ಟವೇ ಬೇರೆ. ಏರು ಹತ್ತುವಾಗ ಮೈಯೆಲ್ಲ ಬೆವರು. ಮೇಲೆ ಹೋಗಿ ಪ್ರಾಣಿಗಾಗಿ ಕಾದು ಕೂತರೆ ಗಂಟೆಗಟ್ಟಲೆ ಅಲುಗಾಡುವಂತಿಲ್ಲ. ಬೆವರಿದ ಬಟ್ಟೆ ಅದೇ ಹೊತ್ತಿನಲ್ಲಿ ತಣ್ಣಗಾಗಿ ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಹತ್ತಿ ಬಟ್ಟೆಯಾದರೆ ಕಥೆ ಮುಗಿದಂತೆ, ಒದ್ದೆಯಾದ ಹತ್ತಿ ಬೇಗ ಒಣಗುವುದಿಲ್ಲ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬಿಸಿ ಉಳಿಸಿಕೊಳ್ಳುತ್ತದೆ. ಹಾಗಾಗಿ ಒಂದೇ ದಪ್ಪ ಕೋಟಿನ ಬದಲು ಹಲವು ತೆಳು ಪದರ ಹಾಕಿಕೊಂಡು, ಹತ್ತುವಾಗ ತೆಗೆದು, ಕೂತಾಗ ಹಾಕಿಕೊಳ್ಳುವುದು ಬೇಟೆಗಾರರು ಅನುಭವದಿಂದ ಕಂಡುಕೊಂಡ ದಾರಿ. ಇಂದಿಗೂ ಹಿಮದ ಬೆಟ್ಟಗಳಲ್ಲಿ ಬೇಟೆಗೋ ಚಾರಣಕ್ಕೋ ಹೋಗುವವರಿಗೆ ಹೇಳಿಕೊಡುವುದು ಇದನ್ನೇ: ಬೆವರನ್ನು ಹೊರಹಾಕುವ ಒಳಪದರ, ಬಿಸಿ ಹಿಡಿದಿಡುವ ನಡುಪದರ, ಗಾಳಿ ತಡೆಯುವ ಹೊರಪದರ.

ಎವರೆಸ್ಟ್ ತಂಡದವರೂ ರೇಷ್ಮೆ, ಫ್ಲಾನೆಲ್, ಉಣ್ಣೆಯ ಸ್ವೆಟರ್‌ಗಳನ್ನು ಒಂದರ ಮೇಲೊಂದು ತೊಟ್ಟು, ಮೇಲೆ ಗಾಳಿ ತಡೆಯಲು ಗ್ಯಾಬರ್ಡಿನ್ ಹಾಕುತ್ತಿದ್ದರು. ಸ್ಕಾಟ್‌ಲೆಂಡಿನ ಗುಡ್ಡಕ್ಕೆ ಇದು ಧಾರಾಳ ಸಾಕು. 8,000 ಮೀಟರ್ ಎತ್ತರದಲ್ಲಿ ನಿಂತರೆ ಸಾಕೇ? ಫಿಂಚ್ ತಲೆ ಕೆಡಿಸಿಕೊಂಡದ್ದು ಇದಕ್ಕೆ.

ರಸಾಯನಶಾಸ್ತ್ರಜ್ಞರಾಗಿ ಅವರಿಗೆ ಒಂದು ಸಂಗತಿ ಸ್ಪಷ್ಟವಿತ್ತು. ಮೈಯನ್ನು ಬೆಚ್ಚಗಿಡುವುದು ಬಟ್ಟೆಯ ತೂಕವಲ್ಲ, ಬಟ್ಟೆಯೊಳಗೆ ಕದಲದೆ ನಿಂತ ಗಾಳಿ. ಅತಿ ಕಡಿಮೆ ತೂಕದಲ್ಲಿ ಅತಿ ಹೆಚ್ಚು ಗಾಳಿಯನ್ನು ಹಿಡಿದಿಡುವ ವಸ್ತು ಹಕ್ಕಿಯ ತುಪ್ಪಳ. ಉತ್ತರದ ಕಡಲತೀರಗಳಲ್ಲಿ ಗೂಡು ಕಟ್ಟುವ ಐಡರ್ ಎಂಬ ಬಾತು ತನ್ನ ಎದೆಯ ತುಪ್ಪಳವನ್ನೇ ಕಿತ್ತು ಗೂಡಿಗೆ ಹಾಸುತ್ತದೆ. ಐಸ್‌ಲೆಂಡ್‌ನಂಥ ಕಡೆ ಜನ ಅದನ್ನು ಗೂಡಿನಿಂದಲೇ ಸಂಗ್ರಹಿಸುತ್ತಾರೆ. ಶ್ರೀಮಂತರ ಮನೆಯ ಹಾಸಿಗೆಯಲ್ಲಿ ಹೊದಿಕೆಯಾಗಿದ್ದ ಈ ತುಪ್ಪಳವನ್ನು ಮೈಮೇಲಿನ ಕೋಟಾಗಿಸಿದ್ದು ಫಿಂಚ್ ಮಾಡಿದ ಕೆಲಸ. ಆದರೆ ಗಾಳಿ ನುಗ್ಗಿದರೆ ಅಥವಾ ನೀರು ಸೋಕಿದರೆ ತುಪ್ಪಳ ಕೆಲಸಕ್ಕೆ ಬಾರದು. ಅದಕ್ಕೆ ಅವರು ಆರಿಸಿದ್ದು ಆಕಾಶ ಬಲೂನುಗಳಿಗೆ ಬಳಸುತ್ತಿದ್ದ ಬಟ್ಟೆಯನ್ನು. ಅನಿಲವನ್ನೇ ಒಳಗೆ ಹಿಡಿದಿಡಬಲ್ಲ ಬಟ್ಟೆಗೆ ಎವರೆಸ್ಟ್ ಗಾಳಿಯನ್ನು ಹೊರಗೆ ತಡೆಯುವುದು ಕಷ್ಟವಲ್ಲ ಎಂಬುದು ಸರಳ ಲೆಕ್ಕ. ಬಣ್ಣ ಮಾತ್ರ ಎದ್ದು ಕಾಣುವ ಹಸಿರು.

ಆಯ್ಕೆಯಾಗಿ ಕೈಬಿಟ್ಟರು, ಮತ್ತೆ ಕರೆದರು

1921ರ ಮೊದಲ ಎವರೆಸ್ಟ್ ತಂಡಕ್ಕೆ ಫಿಂಚ್ ಆಯ್ಕೆಯಾಗಿದ್ದರು. ಹೊರಡುವ ಕೆಲವೇ ವಾರಗಳ ಮುಂಚೆ ವೈದ್ಯಕೀಯ ಪರೀಕ್ಷೆಯ ವರದಿ ತೋರಿಸಿ ಅವರನ್ನು ಕೈಬಿಡಲಾಯಿತು. ಅನರ್ಹ ಎನಿಸಿಕೊಂಡ ಈ ಮನುಷ್ಯ ಅದೇ ಬೇಸಿಗೆಯಲ್ಲಿ ಆಲ್ಪ್ಸ್‌ನಲ್ಲಿ ಪರ್ವತ ಹತ್ತುತ್ತಿದ್ದರು. ಕಾರಣ ನಿಜಕ್ಕೂ ಆರೋಗ್ಯವೋ, ಅಥವಾ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಕಾರ್ಯದರ್ಶಿ ಆರ್ಥರ್ ಹಿಂಕ್ಸ್ ಅವರಿಗಿದ್ದ ಅಸಹನೆಯೋ ಎಂಬ ಬಗ್ಗೆ ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಾರೆ. ಆ ದಿನಗಳಲ್ಲಿ ಫಿಂಚ್ ಅವರ ಖಾಸಗಿ ಬದುಕೂ ಹದಗೆಟ್ಟಿತ್ತು. ಮೊದಲ ಮದುವೆ 1920ರಲ್ಲಿ ವಿಚ್ಛೇದನದಲ್ಲಿ ಕೊನೆಗೊಂಡಿತ್ತು. ಅಂದಿನ ಇಂಗ್ಲೆಂಡಿನಲ್ಲಿ ಅದು ಸಣ್ಣ ಕಳಂಕವೇನಲ್ಲ.

ಆದರೆ 1922ರ ತಂಡಕ್ಕೆ ಅವರನ್ನು ಬಿಡುವಂತಿರಲಿಲ್ಲ. ಈ ಬಾರಿ ಆಮ್ಲಜನಕದ ಸಿಲಿಂಡರ್ ಒಯ್ಯಲು ತೀರ್ಮಾನವಾಗಿತ್ತು, ಅದನ್ನು ಬಲ್ಲ ಪರ್ವತಾರೋಹಿ ಅಂದರೆ ಫಿಂಚ್. ಜನರಲ್ ಚಾರ್ಲ್ಸ್ ಬ್ರೂಸ್ ನಾಯಕತ್ವದ ತಂಡ ಡಾರ್ಜಿಲಿಂಗ್‌ನಿಂದ ಹೊರಟು ಟಿಬೆಟ್ ದಾಟಿ ಮೇ 1ರ ಹೊತ್ತಿಗೆ ರೊಂಗ್‌ಬುಕ್ ಹಿಮನದಿಯ ಬಳಿ ಬೀಡುಬಿಟ್ಟಿತು. ದಾರಿಯುದ್ದಕ್ಕೂ ಫಿಂಚ್ ಎಲ್ಲರಿಗೂ ಆಮ್ಲಜನಕ ಉಪಕರಣದ ತಾಲೀಮು ಮಾಡಿಸುತ್ತಿದ್ದರು. ಕೃತಕ ಗಾಳಿ ಉಸಿರಾಡಿ ಪರ್ವತ ಹತ್ತುವುದು ಕ್ರೀಡಾಧರ್ಮವಲ್ಲ ಎಂಬ ಅಭಿಪ್ರಾಯ ತಂಡದಲ್ಲೇ ಇತ್ತು. ಇನ್ನು ಆ ಉಬ್ಬಿದ ಹಸಿರು ಕೋಟು! ಟ್ವೀಡ್ ತೊಟ್ಟ ಸಭ್ಯರ ನಡುವೆ ಹಾಸಿಗೆಯ ಹೊದಿಕೆ ಸುತ್ತಿಕೊಂಡು ಬಂದವನಂತೆ ಕಂಡಿರಬೇಕು. ಟಿಬೆಟ್ಟಿನ ಗಾಳಿ ಬೀಸತೊಡಗಿದ ಮೇಲೆ ನಗು ಕಡಿಮೆಯಾಗಿ ಅಸೂಯೆ ಹೆಚ್ಚಿತು ಎಂಬುದು ಫಿಂಚ್ ಅವರ ದಿನಚರಿಯಿಂದ ಗೊತ್ತಾಗುತ್ತದೆ.

ಮೊದಲ ಪ್ರಯತ್ನ ಮಾಡಿದ್ದು ಮ್ಯಾಲರಿ, ಸೊಮರ್‌ವೆಲ್, ನಾರ್ಟನ್ ಮತ್ತು ಮೋರ್ಸ್‌ಹೆಡ್. ಮೋರ್ಸ್‌ಹೆಡ್ ಹೊರತು ಉಳಿದ ಮೂವರು ಆಮ್ಲಜನಕ ಇಲ್ಲದೆ ಮೇ 21ರಂದು 8,225 ಮೀಟರ್ ಮುಟ್ಟಿ ಬಂದರು. ಅದು ಅಂದಿನ ದಾಖಲೆ. ಆದರೆ ಚಳಿಗೆ ಮಾಂಸವೇ ಹೆಪ್ಪುಗಟ್ಟುವ ಹಿಮಕಡಿತಕ್ಕೆ ಸಿಕ್ಕಿ ಮೋರ್ಸ್‌ಹೆಡ್ ಬೆರಳುಗಳ ತುದಿ ಕಳೆದುಕೊಂಡರು.

ಗುಡಾರದಲ್ಲಿ ಎರಡು ರಾತ್ರಿ

ನಂತರದ ಸರದಿ ಫಿಂಚ್ ಅವರದು. ಅನುಭವಿಗಳೆಲ್ಲ ದಣಿದಿದ್ದರು. ಜೊತೆಗೆ ಸಿಕ್ಕವರು ಜನರಲ್ ಬ್ರೂಸ್ ಅವರ ಸಂಬಂಧಿ ಜೆಫ್ರಿ ಬ್ರೂಸ್ ಮತ್ತು ಗೂರ್ಖಾ ಪಡೆಯ ಯೋಧ ತೇಜ್‌ಬೀರ್. ಜೆಫ್ರಿ ಅದಕ್ಕೂ ಮುಂಚೆ ಒಂದೂ ದೊಡ್ಡ ಪರ್ವತ ಹತ್ತಿದವರಲ್ಲ.

ಮೇ 25ರಂದು ಮೂವರೂ ಸುಮಾರು 7,770 ಮೀಟರ್ ಎತ್ತರದಲ್ಲಿ ಸಣ್ಣ ಗುಡಾರ ಹೂಡಿದರು. ಹೊರೆ ಹೊತ್ತು ಬಂದವರನ್ನು ಕೆಳಗೆ ಕಳಿಸಿದರು. ಕತ್ತಲಾದ ಮೇಲೆ ಬಿರುಗಾಳಿ ಎದ್ದಿತು. ಗುಡಾರವೇ ಹಾರಿಹೋಗದಂತೆ ರಾತ್ರಿಯಿಡೀ ಅದರ ಅಂಚುಗಳನ್ನು ಕೈಯಲ್ಲಿ ಹಿಡಿದು ಕೂತರು. ನಿದ್ದೆಯಿಲ್ಲ. ಮರುದಿನ ಗಾಳಿ ಇಳಿದದ್ದು ಮಧ್ಯಾಹ್ನದ ನಂತರ. ಇಳಿದು ಹೋಗುವುದೇ ಜಾಣತನವಾಗಿತ್ತು, ಮೂವರೂ ಒಪ್ಪಲಿಲ್ಲ. ಸಂಜೆ ಕೆಳಗಿನ ಶಿಬಿರದಿಂದ ಹೊರೆಯಾಳುಗಳು ಥರ್ಮಾಸ್‌ನಲ್ಲಿ ಬಿಸಿ ಚಹಾ ಹೊತ್ತು ಬಂದರು. ಎವರೆಸ್ಟ್ ಇತಿಹಾಸದಲ್ಲಿ ಹೆಸರಿಲ್ಲದ ಇವರ ಪಾಲು ದೊಡ್ಡದು. ಅಂಥ ಗಾಳಿಯ ಮರುಗಳಿಗೆ 7,770 ಮೀಟರ್‌ಗೆ ಚಹಾ ತಲುಪಿಸುವುದು ಸುಮ್ಮನೆ ಮಾತಲ್ಲ.

ಎರಡನೇ ರಾತ್ರಿ ಇನ್ನೂ ಕೆಟ್ಟದಿತ್ತು. ಗಾಳಿ ಇರಲಿಲ್ಲ, ಆದರೆ ಹಸಿವು, ದಣಿವು, ಕೈಕಾಲುಗಳಿಗೆ ಏರುತ್ತಿದ್ದ ಜೋಮು. ಆಗ ಫಿಂಚ್ ಅವರಿಗೆ ಆಮ್ಲಜನಕದ ನೆನಪಾಯಿತು. ಹತ್ತಲೆಂದು ತಂದಿದ್ದ ಸಿಲಿಂಡರ್‌ಗೆ ಕೊಳವೆ ಜೋಡಿಸಿ ಮೂವರೂ ಮಲಗಿದಲ್ಲೇ ಸ್ವಲ್ಪಸ್ವಲ್ಪ ಉಸಿರಾಡತೊಡಗಿದರು. ಮೈಗೆ ಬಿಸಿ ಮರಳಿತು, ನಿದ್ದೆ ಬಂತು. ದೇಹ ಬಿಸಿ ಹುಟ್ಟಿಸಲು ಆಮ್ಲಜನಕ ಬೇಕು. ಕೋಟು ಎಷ್ಟೇ ಒಳ್ಳೆಯದಿರಲಿ, ಅದು ಮೈಯಲ್ಲಿ ಹುಟ್ಟಿದ ಬಿಸಿಯನ್ನು ಉಳಿಸಬಲ್ಲದೇ ಹೊರತು ಹೊಸದಾಗಿ ಹುಟ್ಟಿಸಲಾರದು. ಚಳಿ ಮತ್ತು ಉಸಿರು ಒಂದೇ ಸಮಸ್ಯೆಯ ಎರಡು ಮುಖ ಎಂಬುದು ಆ ಗುಡಾರದಲ್ಲಿ ಸಾಬೀತಾಯಿತು.

ಮೇ 27ರ ಬೆಳಿಗ್ಗೆ ಎದ್ದರೆ ಬ್ರೂಸ್ ಮತ್ತು ತೇಜ್‌ಬೀರ್ ಅವರ ಬೂಟುಗಳು ಕಲ್ಲಾಗಿದ್ದವು. ಮೇಣದಬತ್ತಿ ಹಿಡಿದು ಅವನ್ನು ಮೆತ್ತಗೆ ಮಾಡಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಫಿಂಚ್ ಬೂಟು ಹಾಕಿಕೊಂಡೇ ಮಲಗಿದ್ದರು. ಇಂಥ ಸಣ್ಣ ಸಣ್ಣ ಲೆಕ್ಕಗಳಲ್ಲೇ ಅವರ ಇಡೀ ಸ್ವಭಾವ ಕಾಣುತ್ತದೆ.

ತೇಜ್‌ಬೀರ್ ಸುಮಾರು 7,900 ಮೀಟರ್‌ನಲ್ಲಿ ಸೋತು ಹಿಂದಿರುಗಿದರು. ಉಳಿದಿಬ್ಬರು 8,320 ಮೀಟರ್ ಮುಟ್ಟಿದರು. ಮ್ಯಾಲರಿ ತಂಡಕ್ಕಿಂತ ಎತ್ತರ, ಮನುಷ್ಯ ಅಲ್ಲಿಯವರೆಗೆ ಹತ್ತಿದ್ದ ಎಲ್ಲ ಜಾಗಕ್ಕಿಂತ ಎತ್ತರ. ಅಲ್ಲಿ ಬ್ರೂಸ್ ಉಪಕರಣದ ಗಾಜಿನ ಕೊಳವೆ ಒಡೆಯಿತು. ಫಿಂಚ್ ತಮ್ಮ ಆಮ್ಲಜನಕವನ್ನೇ ಅವರಿಗೂ ಹಂಚಿ, ಉಪಕರಣ ಸರಿಪಡಿಸಿದರು. ಆದರೆ ಇನ್ನು ಮುಂದೆ ಹೋದರೆ ಬ್ರೂಸ್ ಜೀವಂತ ಮರಳುವುದಿಲ್ಲ ಎಂದು ಅರಿತು ಅಲ್ಲಿಂದಲೇ ವಾಪಸಾದರು. ಬ್ರೂಸ್ ಪಾದಗಳಿಗೆ ಹಿಮಕಡಿತ ಜೋರಾಗಿಯೇ ಆಗಿತ್ತು. ಬೆಚ್ಚಗಿನ ಕೋಟು ತೊಟ್ಟ ಫಿಂಚ್ ಒಬ್ಬರೇ ಮುಂದೆ ಹೋಗಲು ನೋಡಬಹುದಿತ್ತು, ಹೋಗಲಿಲ್ಲ. ಅವರನ್ನು ಸ್ವಾರ್ಥಿ, ಜಗಳಗಂಟ ಎಂದವರ ಪಟ್ಟಿ ಓದುವಾಗ ಈ ದಿನವನ್ನೂ ನೆನಪಿಡಬೇಕು.

ಜೂನ್ 7ರಂದು ನಡೆದ ಮೂರನೇ ಪ್ರಯತ್ನದಲ್ಲಿ ಹಿಮಕುಸಿತಕ್ಕೆ ಸಿಕ್ಕಿ 7 ಮಂದಿ ಹೊರೆಯಾಳುಗಳು ಸತ್ತರು. ನಿತ್ರಾಣಗೊಂಡಿದ್ದ ಫಿಂಚ್ ಅಷ್ಟರಲ್ಲಿ ಊರಿಗೆ ಹೊರಟಿದ್ದರು.

1924: ಹೆಸರೇ ಇರಲಿಲ್ಲ

ದಾಖಲೆ ಮಾಡಿದವರನ್ನು ಮುಂದಿನ ತಂಡಕ್ಕೆ ಸೇರಿಸಬೇಕಿತ್ತು. ಆದರೆ ಉಪನ್ಯಾಸಗಳ ಹಕ್ಕು ಮತ್ತು ಹಣದ ವಿಚಾರದಲ್ಲಿ ಎವರೆಸ್ಟ್ ಸಮಿತಿಯೊಂದಿಗೆ ಫಿಂಚ್ ಜಗಳ ತಾರಕಕ್ಕೇರಿತು. 1924ರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ವಿಚಿತ್ರವೆಂದರೆ ಅದೇ ವರ್ಷ ಶಮೋನಿಯಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 1922ರ ತಂಡಕ್ಕೆ ಪರ್ವತಾರೋಹಣದ ಪದಕ ಘೋಷಣೆಯಾಯಿತು, ಅದರಲ್ಲಿ ಫಿಂಚ್ ಹೆಸರೂ ಇತ್ತು.

1924ರ ಜೂನ್ 8ರಂದು ಮ್ಯಾಲರಿ ಮತ್ತು ಇರ್ವಿನ್ ಎವರೆಸ್ಟ್‌ನ ಮೇಲ್ಭಾಗದಲ್ಲಿ ಕಣ್ಮರೆಯಾದರು. ಅವರ ಬೆನ್ನ ಮೇಲಿದ್ದದ್ದು ಫಿಂಚ್ ಹಠ ಹಿಡಿದು ಪ್ರತಿಪಾದಿಸಿದ್ದ ಆಮ್ಲಜನಕ. ಮೈಮೇಲೆ ಮಾತ್ರ ಹಳೆಯ ಪದ್ಧತಿಯ ಪದರಗಳು. 1999ರಲ್ಲಿ 8,155 ಮೀಟರ್ ಎತ್ತರದಲ್ಲಿ ಮ್ಯಾಲರಿ ದೇಹ ಸಿಕ್ಕಾಗ ಹತ್ತಿ, ರೇಷ್ಮೆ, ಉಣ್ಣೆ, ಗ್ಯಾಬರ್ಡಿನ್ ಎಲ್ಲವೂ ಇದ್ದವು, ತುಪ್ಪಳದ ಕೋಟು ಇರಲಿಲ್ಲ.

ಹಾಗೆಂದು ಬಟ್ಟೆಯೇ ಅವರನ್ನು ಕೊಂದಿತು ಎನ್ನುವುದು ತಪ್ಪು. ದೇಹದ ಮೇಲಿನ ಗಾಯ, ಮುರಿದ ಕಾಲು ಹೇಳುವುದು ಬಿದ್ದದ್ದನ್ನು. ಮ್ಯಾಲರಿ ಬಟ್ಟೆಗಳ ತದ್ರೂಪು ತಯಾರಿಸಿ 2006ರಲ್ಲಿ ಎವರೆಸ್ಟ್ ಬಳಿಯೇ ತೊಟ್ಟು ನೋಡಿದಾಗ ಅವು ಹಗುರವೂ ಆರಾಮವೂ ಆಗಿದ್ದವು. ರೇಷ್ಮೆ ಮತ್ತು ಉಣ್ಣೆಯ ಪದರಗಳು ಒಂದರ ಮೇಲೊಂದು ಜಾರುವುದರಿಂದ ಕೈಕಾಲು ಆಡಿಸುವುದೂ ಸುಲಭ. ಟ್ವೀಡ್ ತೊಟ್ಟವರು ಪೂರ್ತಿ ದಡ್ಡರಾಗಿರಲಿಲ್ಲ. ನಡೆಯುವಷ್ಟು ಹೊತ್ತು ಆ ಬಟ್ಟೆ ಸಾಕು, ರಾತ್ರಿ ಬಯಲಲ್ಲಿ ಸಿಕ್ಕಿಹಾಕಿಕೊಂಡರೆ ಸಾಲದು. ಫಿಂಚ್ ಕೋಟು ಹೊಲಿಸಿದ್ದು ಅಂಥ ಹೊತ್ತಿಗೇ.

ಬೇಟೆಗಾರರ ಕೈಗೆ ಬಂದ ಕೋಟು

ಫಿಂಚ್ ತಮ್ಮ ಕೋಟನ್ನು ವ್ಯಾಪಾರಕ್ಕಿಡಲಿಲ್ಲ. ಅದೇ ಉಪಾಯವನ್ನು ಬೇಟೆಗಾರರಿಗೆ ತಲುಪಿಸಿದ್ದು ಅಮೆರಿಕದ ಸಿಯಾಟಲ್‌ನಲ್ಲಿ ಕ್ರೀಡಾ ಸಾಮಗ್ರಿ ಅಂಗಡಿ ಇಟ್ಟಿದ್ದ ಎಡ್ಡಿ ಬಾವರ್. ಬೇಟೆ, ಮೀನುಗಾರಿಕೆ ಅವರಿಗೆ ಪ್ರಾಣ. 1930ರ ದಶಕದ ಮಧ್ಯದಲ್ಲಿ ಚಳಿಗಾಲದಲ್ಲಿ ಮೀನು ಹಿಡಿಯಲು ಹೋದಾಗ ಒದ್ದೆಯಾದ ಉಣ್ಣೆಬಟ್ಟೆಯಲ್ಲಿ ಮೈ ತಣ್ಣಗಾಗಿ ಸಾಯುವ ಸ್ಥಿತಿ ತಲುಪಿದ್ದರು. 1936ರಲ್ಲಿ ಬಾತುಕೋಳಿ ಜಾತಿಯ ಹೆಬ್ಬಾತಿನ ತುಪ್ಪಳ ತುಂಬಿದ ಹೊಲಿಗೆಯ ಜಾಕೆಟ್ ಮಾರಾಟಕ್ಕೆ ತಂದರು, 1940ರಲ್ಲಿ ಪೇಟೆಂಟ್ ಪಡೆದರು. ಪದರಗಳ ಮೇಲೆ ಇನ್ನೊಂದು ಹಗುರ ಪದರವಾಗಿ, ಕಾದು ಕೂರುವ ಹೊತ್ತಿಗೆ ಚೀಲದಿಂದ ತೆಗೆದು ತೊಡುವ ಬಟ್ಟೆ ಹೀಗೆ ಬೇಟೆಗಾರರ ಪಾಲಿಗೂ ಬಂತು.

ಈ ನಡುವೆ ಫಿಂಚ್ ವಿಜ್ಞಾನಕ್ಕೆ ಮರಳಿದ್ದರು. ಎಲೆಕ್ಟ್ರಾನ್ ಡಿಫ್ರಾಕ್ಷನ್ ವಿಧಾನದಿಂದ ವಸ್ತುಗಳ ಮೇಲ್ಮೈ ಅಧ್ಯಯನ ಮಾಡುವುದರಲ್ಲಿ ದೊಡ್ಡ ಹೆಸರು ಮಾಡಿದರು. 1936ರಲ್ಲಿ ಇಂಪೀರಿಯಲ್ ಕಾಲೇಜಿನ ಪ್ರೊಫೆಸರ್, 1938ರಲ್ಲಿ ರಾಯಲ್ ಸೊಸೈಟಿಯ ಫೆಲೊ, 1944ರಲ್ಲಿ ಹ್ಯೂಸ್ ಪದಕ.

ಕುಟುಂಬದ ಕಥೆ ಅಷ್ಟು ನೆಟ್ಟಗಿರಲಿಲ್ಲ. ಮೊದಲ ಹೆಂಡತಿಯ ಮಗ ಪೀಟರ್‌ನನ್ನು ತಾಯಿಯಿಂದ ಬೇರ್ಪಡಿಸಿ ಅಜ್ಜಿ ಲಾರಾ ಬಳಿ ಬಿಟ್ಟಿದ್ದರು. ಥಿಯಾಸಫಿಯ ಒಲವಿದ್ದ ಅಜ್ಜಿ 1925ರಲ್ಲಿ ಆ ಹುಡುಗನನ್ನು ಮದ್ರಾಸಿನ ಅಡ್ಯಾರ್‌ಗೆ ಕರೆತಂದರು. ಅಲ್ಲಿಂದ ಅವನು ಆಸ್ಟ್ರೇಲಿಯಾದ ಬಂಧುಗಳ ಮನೆ ಸೇರಿದ. ಅದೇ ಹುಡುಗ ಮುಂದೆ ಹಾಲಿವುಡ್ ನಟ ಪೀಟರ್ ಫಿಂಚ್ ಆದರು, ನೆಟ್‌ವರ್ಕ್ ಚಿತ್ರಕ್ಕೆ 1977ರಲ್ಲಿ ಮರಣೋತ್ತರ ಆಸ್ಕರ್ ಪಡೆದರು. ಜಾರ್ಜ್ ಅವರ ಹೆತ್ತ ಮಗನಲ್ಲ ಎಂಬ ವಿಷಯ ಪೀಟರ್‌ಗೆ ತಿಳಿದದ್ದು ಬೆಳೆದ ಮೇಲೆ. ಫಿಂಚ್ ಬದುಕಿನಲ್ಲಿ ಸಮರ್ಥಿಸಿಕೊಳ್ಳಲು ಕಷ್ಟವಾದ ಅಧ್ಯಾಯ ಇದು.

ಪುಣೆಯಲ್ಲಿ ಐದು ವರ್ಷ

1952ರಲ್ಲಿ ಲಂಡನ್ನಿನಲ್ಲಿ ನಿವೃತ್ತರಾದ ಫಿಂಚ್ ನೇರವಾಗಿ ಬಂದದ್ದು ಪುಣೆಗೆ. ಎನ್‌ಸಿಎಲ್ ಆಗಿನ್ನೂ ಎಳೆಯ ಸಂಸ್ಥೆ. ನೆಹರೂ ಉದ್ಘಾಟಿಸಿದ್ದು 1950ರ ಜನವರಿ 3ರಂದು. ಮೊದಲ ನಿರ್ದೇಶಕ ಜೇಮ್ಸ್ ವಿಲಿಯಂ ಮೆಕ್‌ಬೇನ್ ನಂತರ ಎರಡನೆಯವರಾಗಿ ಫಿಂಚ್ ಅಧಿಕಾರ ವಹಿಸಿಕೊಂಡು 1957ರವರೆಗೆ ಮುನ್ನಡೆಸಿದರು. ಅವರ ನಂತರ ಬಂದ ಕೆ. ವೆಂಕಟರಾಮನ್ ಆ ಕುರ್ಚಿಯಲ್ಲಿ ಕುಳಿತ ಮೊದಲ ಭಾರತೀಯ.

ಫಿಂಚ್ ಪುಣೆಯ ಹುದ್ದೆಯಲ್ಲಿದ್ದಾಗಲೇ 1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ತುದಿ ಮುಟ್ಟಿದರು. ಇಬ್ಬರ ಬೆನ್ನ ಮೇಲೂ ಆಮ್ಲಜನಕದ ಸಿಲಿಂಡರ್ ಇತ್ತು. ಗಾಳಿ ತಡೆಯುವ ಹೊರಬಟ್ಟೆಯ ಒಳಗೆ ತುಪ್ಪಳದ ಉಡುಪು ಇತ್ತು. ಅದೇ ವರ್ಷ ಕೆ2 ಪರ್ವತಕ್ಕೆ ಹೋದ ಅಮೆರಿಕನ್ ತಂಡ ತೊಟ್ಟದ್ದೂ ಎಡ್ಡಿ ಬಾವರ್ ಅವರ ತುಪ್ಪಳದ ಕೋಟುಗಳನ್ನೇ.

ಇಂಗ್ಲೆಂಡಿಗೆ ಮರಳಿದ ಮೇಲೆ, ಒಂದು ಕಾಲದಲ್ಲಿ ಅವರನ್ನು ಹೊರಗಿನವನಂತೆ ಕಂಡಿದ್ದ ಆಲ್ಪೈನ್ ಕ್ಲಬ್ 1959ರಲ್ಲಿ ಫಿಂಚ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. 1961ರವರೆಗೆ ಅವರು ಆ ಸ್ಥಾನದಲ್ಲಿದ್ದರು. 1970ರ ನವೆಂಬರ್ 22ರಂದು, 82ನೇ ವಯಸ್ಸಿನಲ್ಲಿ ತೀರಿಕೊಂಡರು.